ಅಧ್ಯಕ್ಷರ ಮಾಲಕರು

ಬಸವಕಲ್ಯಾಣದ ಹತ್ತಿರದ ಒಂದು ಹಳ್ಳಿ. ಹೆಸರು ಬೇಡ, ನಿಮ್ಮೂರೇ ಅಂದುಕೊಂಡರೂ ನಡೆಯುತ್ತದೆ. ಮಾರ್ಚ್ 8, ಮಹಿಳಾ ದಿನ. ಪಂಚಾಯಿತಿ ಮುಂದೆ ಶಾಮಿಯಾನ. ವೇದಿಕೆ ಮೇಲೆ ಏಳು ಖುರ್ಚಿ. ಆರರಲ್ಲಿ ಗಂಡಸರು, ನಡುವಿನದು ಖಾಲಿ. ಬ್ಯಾನರಿನಲ್ಲಿ ಮಾತ್ರ ಅಕ್ಕಮಹಾದೇವಿ. ಅದೂ ನಿಂತುಕೊಂಡೇ.

"ಅಧ್ಯಕ್ಷರು ಬಂದ್ರು" ಅಂತ ಮೈಕಿನಲ್ಲಿ ಕೂಗಿದರು. ಬಂದವರು ಅಧ್ಯಕ್ಷರ ಮಾಲಕರು, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಗಂಡ. ಹಾರ, ಶಾಲು ಎಲ್ಲ ಅವರಿಗೇ. ಗ್ರಾಮಸಭೆಗೂ ಅವರೇ, ಬಿಲ್ಲಿಗೂ ಅವರೇ. ಸಹಿ ಮಾತ್ರ ಹೆಂಡತಿಯದು. ಪಾಪ, ಅಷ್ಟಾದರೂ ಬಿಟ್ಟಿದ್ದಾರೆ. ಆ ಹೆಣ್ಣುಮಗಳು ಶಾಮಿಯಾನದ ಹಿಂದೆ ಸುಸಲಾ-ಮಿರ್ಚಿಯ ಪ್ಲೇಟು ಎಣಿಸುತ್ತಿದ್ದರು. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಸೀಟು ಮೀಸಲಿಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ನಮ್ಮ ರಾಜ್ಯದಲ್ಲಿ ಈಗ ಅರ್ಧಕ್ಕರ್ಧ. ಸೀಟೇನೋ ಸಿಕ್ಕಿತು. ಖುರ್ಚಿ ಇನ್ನೂ ದಾರಿಯಲ್ಲಿದೆ.

ಆಮೇಲೆ ಭಾಷಣ. "ಅಕ್ಕಮಹಾದೇವಿ ಆದರ್ಶ ಗೃಹಿಣಿ" ಎಂದರು ಒಬ್ಬರು. ಗೃಹ ಎಲ್ಲಿತ್ತು ಸ್ವಾಮಿ? ಕೌಶಿಕ ರಾಜನ ಅರಮನೆಯನ್ನೇ ಬಿಟ್ಟು, ಕಲ್ಯಾಣಕ್ಕೆ ನಡೆದು ಬಂದವಳು ಆಕೆ. ಇನ್ನೊಬ್ಬರು ಆಯ್ದಕ್ಕಿ ಲಕ್ಕಮ್ಮನನ್ನು ಹಿಡಿದರು. "ಗಂಡನಿಗೆ ಎದುರಾಡದ ತಾಯಿ" ಅಂತೆ! ಮಾರಯ್ಯ ಒಂದು ದಿನ ಅಕ್ಕಿ ಜಾಸ್ತಿ ಆಯ್ದು ತಂದಾಗ, ಈ ಆಸೆ ನಮಗೇಕೆ, ಅಲ್ಲೇ ಸುರಿದು ಬನ್ನಿ ಎಂದು ವಾಪಸ್ ಕಳಿಸಿದ್ದು ಇದೇ ತಾಯಿ. ಮಾಲಕರು ಜೋರಾಗಿ ಚಪ್ಪಾಳೆ ತಟ್ಟಿದರು. ಬಿಲ್ಲು ಜಾಸ್ತಿಯಾದರೆ ವಾಪಸ್ ಕಳಿಸುವವರು ತಮ್ಮ ಮನೆಯಲ್ಲಿಲ್ಲ ಎಂಬ ಧೈರ್ಯ ಇರಬೇಕು.

ಅಕ್ಕ ಅನುಭವ ಮಂಟಪಕ್ಕೆ ಬಂದಾಗ ಅಲ್ಲಮಪ್ರಭು ತಡೆದ ಕಥೆ ಶೂನ್ಯಸಂಪಾದನೆಯಲ್ಲಿದೆ. ನಿನ್ನ ಪತಿಯ ಗುರುತು ಹೇಳಿದರೆ ಬಂದು ಕೂಡು, ಇಲ್ಲದಿದ್ದರೆ ಹೋಗು ತಾಯಿ ಎಂದರು. ಅದು ಪರೀಕ್ಷೆ. ಶಿವನೇ ನನ್ನ ಪತಿ ಎಂಬ ಆಕೆಯ ಉತ್ತರ ಕೇಳಿ ಶರಣರು ಕೈಮುಗಿದರು. ನಮ್ಮ ಪಂಚಾಯಿತಿಯವರು ಉತ್ತರ ಮರೆತು, ಪ್ರಶ್ನೆಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಅವತ್ತು ಅಕ್ಕ ಬ್ಯಾನರಿನಿಂದ ಇಳಿದು ಬಂದಿದ್ದರೆ? ರಿಜಿಸ್ಟರ್ ಹಿಡಿದು ಕೂತವನು ತಲೆ ಎತ್ತದೆ ಕೇಳುತ್ತಿದ್ದ:

"ಯಾರ ಮನಿಯವ್ರಕ್ಕಾ? ಮಾಲಕರ ಹೆಸರು ಹೇಳ್ರಿ."

"ಚೆನ್ನಮಲ್ಲಿಕಾರ್ಜುನ."

"ಹೌದ್ರಿ? ಎಲ್ಲದಾರ ಅವರು? ಕರೀರಿ, ಖುರ್ಚಿ ಹಾಕಸ್ತೀನಿ. ನೀವು ಹಿಂದ ಹೋಗ್ರಿ, ಪ್ಲೇಟ್ ಎಣಸ್ಲಕ ಮಂದಿ ಕಮ್ಮಿ ಬಿದ್ದಾರ."