ಎಫ್.ಸಿ. ಸಿಗದ ವ್ಯಾನುಗಳು

ನಿನ್ನೆ ಬಂದ ಪೊಟ್ಟಣವನ್ನು ಬಿಚ್ಚುವ ಮೊದಲು ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಿಸಿದೆ. ಒಳಗಿನಿಂದ ‘ಟಿಕ್’ ಎಂದು ಸಣ್ಣದೊಂದು ಸದ್ದು ಬಂತು. ಪುಟಾಣಿ ವಾಹನಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುವವರಿಗೆ ಈ ಸದ್ದಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಕನ್ನಡಿ ಉದುರಿದೆ. 1:43ರ ಪ್ರಮಾಣದಲ್ಲಿ ಮಾಡಿದ ವ್ಯಾನು ಸುಮಾರು 10 ಸೆಂಟಿಮೀಟರ್ ಉದ್ದವಿದ್ದರೆ ಅದರ ಪಕ್ಕದ ಕನ್ನಡಿ 3 ಮಿಲಿಮೀಟರ್ ಇದ್ದರೆ ಹೆಚ್ಚು, ಅದನ್ನು ಹಿಡಿದಿರುವ ಕಡ್ಡಿಯಂತೂ ಕಣ್ಣಿಗೆ ಬಿದ್ದರೇ ಪುಣ್ಯ. ಉದುರಿದ್ದನ್ನು ಹೆಕ್ಕೋಣವೆಂದರೆ ವ್ಯಾನನ್ನು ಕೂರಿಸಿರುವ ಪೀಠದ ಅಡಿಯ ಸ್ಕ್ರೂ ಬಿಚ್ಚಬೇಕು; ಆ ಸ್ಕ್ರೂವಿನ ತಲೆಯನ್ನು ಮನೆಯಲ್ಲಿರುವ ಯಾವ ಸ್ಕ್ರೂಡ್ರೈವರಿಗೂ ಹೊಂದದಂತೆ ರೂಪಿಸಿದ ಮಹಾನುಭಾವರು ಯಾರೋ, ಅವರ ಮನೆಯ ಬಾಗಿಲುಗಳಿಗೂ ಅದೇ ಸ್ಕ್ರೂ ಹಾಕಿರಲಿ ಎಂದು ಹಾರೈಸುತ್ತೇನೆ.

ನಾನು ಸಂಗ್ರಹಿಸುವುದು ಹಳೆಯ ಫ್ರೆಂಚ್ ಸರಕು ವ್ಯಾನುಗಳ ಮಾದರಿಗಳನ್ನು, ಅದರಲ್ಲೂ ಮೈತುಂಬ ಜಾಹೀರಾತು ಬಳಿದುಕೊಂಡವುಗಳನ್ನು. ಲಿಯಾನ್ ನಗರಕ್ಕೆ ಅಂಟಿಕೊಂಡಿರುವ ವಿಲ್ಯೂರ್‌ಬಾನ್‌ನಲ್ಲಿ ಮನೆ ಮಾಡಿದವನಿಗೆ ಈ ಗೀಳು ಹಿಡಿದದ್ದು ಆಶ್ಚರ್ಯವಲ್ಲ. 1946ರಲ್ಲಿ ವೆರೊನ್ ಎಂಬ ಕುಟುಂಬದವರು ತಮ್ಮ ಹೆಸರನ್ನೇ ತಿರುಗುಮುರುಗು ಮಾಡಿ ‘ನೊರೆವ್’ ಎಂಬ ಆಟಿಕೆ ಕಂಪನಿಯನ್ನು ಹುಟ್ಟುಹಾಕಿದ್ದು ಇದೇ ಊರಿನಲ್ಲಿ. ನನ್ನ ಕಪಾಟಿನ ಬಹುಭಾಗವನ್ನು ಆಕ್ರಮಿಸಿರುವುದು ಸಿಟ್ರೊಯೆನ್ ಎಚ್ ಎಂಬ ವ್ಯಾನು. ಏಣು ಏಣಾದ ತಗಡಿನ ಮೈ, ಮುಂದಕ್ಕೆ ಚಾಚಿದ ಮೂತಿ, ಮುಂದಿನ ಚಕ್ರಗಳಿಗೇ ಎಂಜಿನ್ನಿನ ಶಕ್ತಿ ಹೋಗುವುದರಿಂದ ನೆಲಕ್ಕೆ ಹತ್ತಿರವಾದ ತಳ. 1947ರಿಂದ 1981ರವರೆಗೆ ಇಂಥವು 4 ಲಕ್ಷ 70 ಸಾವಿರಕ್ಕೂ ಹೆಚ್ಚು ತಯಾರಾದವು. ಪ್ಯೂಜೊ, ರೆನೊ ಕಂಪನಿಗಳ ವ್ಯಾನುಗಳೂ ನನ್ನಲ್ಲಿವೆ; ಆದರೆ ಅವು ಅಲ್ಪಸಂಖ್ಯಾತರು.

ಸಿಟ್ರೊಯೆನ್ನಿನ ಈ ಬಹುಮತಕ್ಕೆ ಕಾರಣ ನನ್ನ ಅಭಿರುಚಿಯಲ್ಲ, ಕಂತುಗಳಲ್ಲಿ ಮಾರುವವರ ಚಾಲಾಕಿತನ. ಮೊದಲನೆಯ ವ್ಯಾನನ್ನು ಒಂದು ಲೋಟ ಕಾಫಿಯ ಬೆಲೆಗೆ ಕೊಡುತ್ತಾರೆ. ಎರಡನೆಯದರ ಬೆಲೆ ಸ್ವಲ್ಪ ಮೇಲೇರಿ, ಮೂರನೆಯದಕ್ಕೆ ಬರುವ ಹೊತ್ತಿಗೆ ನಿಜವಾದ ಬೆಲೆ ತಲೆಯೆತ್ತುತ್ತದೆ. ಅಷ್ಟರಲ್ಲಿ ಕಪಾಟಿನಲ್ಲಿ ಖಾಲಿ ಜಾಗವಿರುವುದು ಕಣ್ಣು ಕುಕ್ಕಲು ಶುರುವಾಗಿರುತ್ತದೆ. ಅಲ್ಲಿಂದ ಮುಂದೆ ತಿಂಗಳು ತಿಂಗಳೂ ಅದೇ ಅಚ್ಚಿನಿಂದ ಎರಕ ಹೊಯ್ದ ಅದೇ ವ್ಯಾನು ಒಮ್ಮೆ ಬಿಸ್ಕತ್ತಿನ ಬಣ್ಣದಲ್ಲಿ, ಒಮ್ಮೆ ಸಾಸಿವೆಯ ಬಣ್ಣದಲ್ಲಿ, ಇನ್ನೊಮ್ಮೆ ಅಡುಗೆ ಅನಿಲದ ಬಣ್ಣದಲ್ಲಿ ಬಂದು ಇಳಿಯುತ್ತದೆ. ಅವುಗಳಲ್ಲಿ ಕೆಲವು ಬಣ್ಣಗಳನ್ನು ನಿಜವಾದ ವ್ಯಾನುಗಳು ಬದುಕಿನಲ್ಲೆಂದೂ ತೊಟ್ಟಿರಲಿಕ್ಕಿಲ್ಲ ಎಂಬ ಗುಮಾನಿಯೂ ನನಗಿದೆ.

ಇಷ್ಟೆಲ್ಲವನ್ನೂ ನಾನು ಒಳಗೊಳಗೇ ಸಹಿಸಿಕೊಂಡಿದ್ದೆ. ಮಾವನವರು ಬೇಸಿಗೆ ಕಳೆಯಲು ತುಮಕೂರಿನಿಂದ ಬಂದ ಮೇಲೆ ಅದು ಸಾಧ್ಯವಾಗುತ್ತಿಲ್ಲ. ಅವರು ಸಾರಿಗೆ ಇಲಾಖೆಯಲ್ಲಿ, ವಾಹನಗಳನ್ನು ತಪಾಸಿಸಿ ಎಫ್.ಸಿ., ಅಂದರೆ ರಸ್ತೆಗಿಳಿಯಲು ಯೋಗ್ಯವೆಂಬ ಪ್ರಮಾಣಪತ್ರ ಕೊಡುವ, ನಮ್ಮ ಕಡೆ ಜನ ಬ್ರೇಕ್ ಇನ್ಸ್‌ಪೆಕ್ಟರ್ ಎಂದು ಕರೆಯುವ ಹುದ್ದೆಯಲ್ಲಿದ್ದು ನಿವೃತ್ತರಾದವರು. ಲಿಯಾನಿನ ನದಿಗಳು, ಚರ್ಚುಗಳು, ರೋಮನ್ನರ ಕಾಲದ ರಂಗಮಂದಿರ ಎಲ್ಲವನ್ನೂ ಮೊದಲ ವಾರದಲ್ಲೇ ನೋಡಿ ಮುಗಿಸಿದ ಅವರ ಕಣ್ಣು ಆಮೇಲೆ ನನ್ನ ಕಪಾಟಿನ ಮೇಲೆ ಬಿತ್ತು. ಬೆಳಗಿನ ಕಾಫಿ ಆದ ಮೇಲೆ ಊಟದ ಮೇಜಿನ ಮೇಲೆ ದಿನಪತ್ರಿಕೆ ಹಾಸಿ, ಓದುವ ಕನ್ನಡಕ ಏರಿಸಿ, ಒಂದು ಕೈಯಲ್ಲಿ ಟಾರ್ಚು ಹಿಡಿದು ಒಂದೊಂದೇ ವಾಹನವನ್ನು ತಪಾಸಣೆ ಮಾಡುವುದು ಈಗ ಅವರ ದಿನಚರಿ. ಪಕ್ಕದಲ್ಲಿ ಒಂದು ನೋಟುಪುಸ್ತಕವಿರುತ್ತದೆ. ಅದರಲ್ಲಿ ದೋಷಗಳನ್ನು ಬರೆದುಕೊಳ್ಳುತ್ತಾರೆ.

“ಅಳಿಯಂದಿರೇ, ಈ ಮೆಟಡೋರ್‌ಗೆ ಬಲಗಡೆ ಕನ್ನಡಿ ಇಲ್ಲ. ಎಫ್.ಸಿ. ಆಗುವುದಿಲ್ಲ.”

“ಮಾವ, ಅದು ಅಂಚೆಯಲ್ಲಿ ಬರುವಾಗ ಬಿದ್ದುಹೋಗಿದೆ.”

“ಎಲ್ಲರೂ ಹಾಗೇ ಹೇಳುತ್ತಾರೆ. ಸ್ಟೆಪ್ನಿ ಎಲ್ಲಿ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಾಗಿಲುಗಳು ತೆರೆಯುವುದಿಲ್ಲ ಎಂಬುದು ಅವರ ಮುಂದಿನ ಆಕ್ಷೇಪಣೆ. ತೆರೆಯದ ಬಾಗಿಲಿನ ಗಾಡಿಗೆ ಸರಕು ತುಂಬಿಸಿದ್ದು ಹೇಗೆ, ಇಳಿಸುವುದು ಹೇಗೆ ಎಂದು ಅವರು ಕೇಳಿದ ಧಾಟಿಯಲ್ಲಿ, ಒಳಗೆ ಏನನ್ನೋ ಬಚ್ಚಿಟ್ಟಿದ್ದೇನೆಂಬ ಸಂಶಯ ಸ್ಪಷ್ಟವಾಗಿತ್ತು. ಚಾಸಿ ನಂಬರಿಗಾಗಿ ಮಗುಚಿ ನೋಡಿದರೆ ಸಿಕ್ಕಿದ್ದು ‘ಮೇಡ್ ಇನ್ ಚೈನಾ’. ಫ್ರಾನ್ಸಿನ ಗಾಡಿ ಎಂದು ನಾನು ಹೇಳಿದ್ದನ್ನು ಅವರು ನೋಟುಪುಸ್ತಕದಲ್ಲಿ ಅಡ್ಡಗೀಟು ಹಾಕಿ ಅಳಿಸಿದರು. ಇನ್ನೊಂದು ವ್ಯಾನಿನ ಎದುರು ‘ಮುಂದಿನ ಗಾಜು ಎರಡು ಹೋಳು, ಬದಲಾಯಿಸಿಲ್ಲ’ ಎಂಬ ಷರಾ ಇತ್ತು. 1964ರವರೆಗೆ ಆ ವ್ಯಾನಿಗೆ ನಡುವೆ ಪಟ್ಟಿಯಿರುವ ಎರಡು ಭಾಗದ ಗಾಜೇ ಬರುತ್ತಿತ್ತು ಎಂದು ನಾನು ಚಿತ್ರಗಳ ಸಹಿತ ವಿವರಿಸಿದ ಮೇಲೆ, ‘ಮಾಲೀಕರ ಹೇಳಿಕೆ’ ಎಂದು ಕೆಳಗೆ ಸೇರಿಸಿಕೊಂಡರು. ಮುಂದಿನ ಚಕ್ರಕ್ಕೆ ಡ್ರೈವ್ ಎಂಬ ಸಂಗತಿಗೆ ಮಾತ್ರ ತಲೆದೂಗಿದರು. “ನಮ್ಮ ಮೆಟಡೋರ್‌ಗೂ ಹಾಗೇ ಇತ್ತು” ಎಂದರು. ಇಡೀ ಫ್ರೆಂಚ್ ವಾಹನೋದ್ಯಮಕ್ಕೆ ಅವರಿಂದ ದೊರೆತ ಪ್ರಶಂಸೆ ಇಷ್ಟೇ.

ನನ್ನ ತಾಳ್ಮೆ ತಪ್ಪಿದ್ದು ನಂಬರ್ ಪ್ಲೇಟಿನ ವಿಷಯದಲ್ಲಿ. 1950ರ ಪದ್ಧತಿಯ ಫ್ರೆಂಚ್ ಪ್ಲೇಟಿನಲ್ಲಿ ಕೊನೆಯ ಎರಡು ಅಂಕಿಗಳು ಜಿಲ್ಲೆಯನ್ನು ಸೂಚಿಸುತ್ತವೆ: 69 ಎಂದರೆ ನಮ್ಮ ರೋನ್, 75 ಎಂದರೆ ಪ್ಯಾರಿಸ್ ಇರುವ ಜಿಲ್ಲೆ, 13 ಎಂದರೆ ಮಾರ್ಸೇ ಇರುವ ಜಿಲ್ಲೆ. ಇದನ್ನು ಅವರಿಗೆ ಹೇಳಿಕೊಟ್ಟವನು ನಾನೇ. ಮರುದಿನ ಅವರು ಮಾರ್ಸೇಯ ಪಾನೀಯವಾದ ರಿಕಾರಿನ ಹಳದಿ ವ್ಯಾನನ್ನು ಎತ್ತಿ ಹಿಡಿದು, ಭೂತಗನ್ನಡಿಯಲ್ಲಿ ಪ್ಲೇಟು ಓದಿ, “ಸರಕು 13ರದ್ದು, ನೋಂದಣಿ 75ರದ್ದು, ಎನ್.ಒ.ಸಿ. ತೋರಿಸಿ” ಎಂದರು. ಒಳಗಿರುವುದು ಮದ್ಯ ಎಂಬುದು ಅವರಿಗೆ ಗೌಣ, ಕಾಗದಪತ್ರ ಸರಿಯಿಲ್ಲ ಎಂಬುದೇ ಮುಖ್ಯ. ಮದ್ಯದ ವಿಚಾರವನ್ನು ಅತ್ತೆಯವರು ನೋಡಿಕೊಂಡರು. ಹಬ್ಬಕ್ಕೆ ಇಲ್ಲಿನ ಕನ್ನಡದವರು ಮನೆಗೆ ಬರುತ್ತಾರೆಂದು ರಿಕಾರ್, ದ್ಯುಬೊನೆ ಎಂದು ಬರೆದಿದ್ದ ವ್ಯಾನುಗಳನ್ನೆಲ್ಲ ಹೆಸರು ಕಾಣದಂತೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಮದ್ಯದ ಜಾಹೀರಾತಿಗೆ ಕಡಿವಾಣ ಹಾಕುವ ಎವ್ಯಾಂ ಕಾನೂನನ್ನು ತರಲು ಫ್ರಾನ್ಸಿನ ಸಂಸತ್ತು 1991ರವರೆಗೆ ಕಾಯಬೇಕಾಯಿತು. ಅತ್ತೆಯವರು ಒಂದು ಮಧ್ಯಾಹ್ನದಲ್ಲಿ ಜಾರಿಗೆ ತಂದರು.

ಮಾವನವರಿಗೆ ಅರ್ಥವಾಗದಿರುವುದು, ಅಥವಾ ಅರ್ಥವಾದರೂ ಒಪ್ಪಲಾಗದಿರುವುದು ಏನೆಂದರೆ, ನಾನು ಕೊಳ್ಳುತ್ತಿರುವುದು ಗಾಡಿಯನ್ನಲ್ಲ, ಗಾಡಿಯ ಮೇಲಿನ ಬರಹವನ್ನು. ಲು ಕಂಪನಿ ನಾಂತ್ ನಗರದಲ್ಲಿ 1886ರಲ್ಲಿ ಹುಟ್ಟುಹಾಕಿದ ಬೆಣ್ಣೆ ಬಿಸ್ಕತ್ತು, ಕಿವಿಗೆ ಓಲೆ ತೊಟ್ಟು ನಗುತ್ತಿರುವ ಚೀಸ್ ಡಬ್ಬಿಯ ಕೆಂಪು ಹಸು, ಮಿಶೆಲಿನ್ ಕಂಪನಿಯ ಟೈರುಗಳ ಮನುಷ್ಯ, ದೀಪದ ಬುರುಡೆ, ಚಾಕೊಲೇಟು ಇವೆಲ್ಲ ಒಂದು ಕಾಲಕ್ಕೆ ರಸ್ತೆಯ ಮೇಲೆ ನಡೆದಾಡಿದವು. ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ 1930ರಿಂದ ಸವಾರರ ಮುಂದೆ ಜಾಹೀರಾತು ವಾಹನಗಳ ಮೆರವಣಿಗೆ ಹೊರಡತೊಡಗಿತು. ಮೆನಿಯೆ ಕಂಪನಿ ರಸ್ತೆಯುದ್ದಕ್ಕೂ ಜನರಿಗೆ ಚಾಕೊಲೇಟು ಹಂಚಿತು. ಹಳ್ಳಿಗಳಲ್ಲಿ ಇದೇ ಎಚ್ ವ್ಯಾನುಗಳು ಪಕ್ಕದ ಹಲಗೆಯನ್ನು ಮೇಲೆತ್ತಿ ದಿನಸಿ ಅಂಗಡಿಗಳಾಗುತ್ತಿದ್ದವು. ಹಾರ್ನ್ ಕೇಳಿಸಿದೊಡನೆ ಹೆಂಗಸರು ಕೈಚೀಲ ಹಿಡಿದು ಹೊರಗೆ ಬರುತ್ತಿದ್ದರು. ಈಗ ನಮ್ಮ ಬೀದಿಯಲ್ಲಿ ದಿನವಿಡೀ ವ್ಯಾನುಗಳು ಬಂದು ಹೋಗುತ್ತವೆ, ಮೊದಲಿಗಿಂತ ಹೆಚ್ಚೇ. ಬಹುಪಾಲು ಬಿಳಿಯವು, ಒಳಗೆ ಏನಿದೆಯೆಂದು ಚಾಲಕನಿಗೂ ತಿಳಿದಿರುವುದಿಲ್ಲ.

ಇದನ್ನು ಹೇಳಿದಾಗ ಮಾವನವರು ಟಾರ್ಚು ಆರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಚಿಕ್ಕವರಾಗಿದ್ದಾಗ ಅವರ ಊರಿನ ಸಂತೆಗೆ ಬೀಡಿ ಕಂಪನಿಯ ಪ್ರಚಾರದ ವ್ಯಾನು ಬರುತ್ತಿತ್ತಂತೆ. ಧ್ವನಿವರ್ಧಕದಲ್ಲಿ ಹಾಡು, ಹಿಂದಿನಿಂದ ಬಣ್ಣದ ಕರಪತ್ರಗಳ ಮಳೆ. ಬೀಡಿ ಸೇದದ ಹುಡುಗರೆಲ್ಲ ಅದರ ಹಿಂದೆ ಊರಾಚೆಯ ಕೆರೆ ಏರಿಯವರೆಗೆ ಓಡುತ್ತಿದ್ದರಂತೆ. ಗುಲಾಬಿ ಬಣ್ಣದ ಕರಪತ್ರ ಸಿಕ್ಕವನೇ ಆ ದಿನದ ರಾಜ. ಅವರ ದನಿ ಮೆತ್ತಗಾಗುತ್ತಿದೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ, “ಮುಂದೆ ಕೆಲಸಕ್ಕೆ ಸೇರಿದ ಮೇಲೆ ಅಂಥದ್ದೇ ಒಂದನ್ನು ಹಿಡಿದು ಕೇಸು ಹಾಕಿದೆ. ಟಾಪಿನ ಮೇಲೆ ಅನುಮತಿಯಿಲ್ಲದೆ ಸ್ಪೀಕರ್ ಕಟ್ಟಿದ್ದರು” ಎಂದು ಮುಗಿಸಿದರು.

ತಪಾಸಣೆಯಲ್ಲಿ ಇದುವರೆಗೆ ತೇರ್ಗಡೆಯಾಗಿರುವುದು ಒಂದೇ ಗಾಡಿ. ಅದು ಅಟ್ಟದ ಹಳೆ ಸಾಮಾನುಗಳನ್ನು ಬೀದಿಗಿಟ್ಟು ಮಾರುವ ಭಾನುವಾರದ ಸಂತೆಯಲ್ಲಿ ಸಿಕ್ಕಿದ, ಪ್ಯಾರಿಸ್ ಬಳಿಯ ಬೊಬಿನಿಯಲ್ಲಿ ಡಿಂಕಿ ಕಂಪನಿ ತಯಾರಿಸಿದ ಪ್ಯೂಜೊ ವ್ಯಾನು. ಮೈಮೇಲೆ ಮಾಜ್ದಾ ದೀಪದ ಜಾಹೀರಾತು ಅರ್ಧ ಮಾಸಿದೆ. ಯಾವುದೋ ಕಾಲದ ಮಕ್ಕಳು ಮೆಟ್ಟಿಲಿನಿಂದ ಉರುಳಿಸಿ ಉರುಳಿಸಿ ಆಡಿ ಬಣ್ಣವೆಲ್ಲ ಕಿತ್ತುಹೋಗಿದೆ. ಅದಕ್ಕೆ ಕನ್ನಡಿಯನ್ನೇ ಮಾಡಿರಲಿಲ್ಲವಾದ್ದರಿಂದ ಕಳೆದುಹೋಗಲು ಏನೂ ಇರಲಿಲ್ಲ. ಮಾವನವರು ಅದನ್ನು ಮೇಜಿನುದ್ದಕ್ಕೂ ಒಮ್ಮೆ ಓಡಿಸಿದರು. ಅಡ್ಡಾದಿಡ್ಡಿಯಾಗದೆ ನೇರ ಓಡಿತು. ಇನ್ನೊಮ್ಮೆ ಓಡಿಸಿದರು. ತಪಾಸಣೆಗೆ ಎರಡನೆಯ ಬಾರಿ ಓಡಿಸುವ ಅಗತ್ಯವಿತ್ತೇ ಎಂದು ನಾನು ಕೇಳಲಿಲ್ಲ.

ಉಳಿದವುಗಳ ಅಂತಿಮ ವರದಿಯನ್ನು ಅವರು ಊಟವಾದ ಮೇಲೆ ಎಲ್ಲರೆದುರು ಓದಿದರು. ಸಿಟ್ರೊಯೆನ್ ವ್ಯಾನುಗಳನ್ನೆಲ್ಲ ಒಟ್ಟಿಗೆ ಸಾಲಾಗಿ ನಿಲ್ಲಿಸಿ, ತಳದ ಅಚ್ಚು, ಗಾಲಿಗಳ ನಡುವಿನ ಅಂತರ, ದೀಪಗಳ ಸ್ಥಾನ ಎಲ್ಲವನ್ನೂ ದಾರದಿಂದ ಅಳೆದು ನೋಡಿದ ಮೇಲೆ ಅವರು ಬಂದ ತೀರ್ಮಾನ ಹೀಗಿತ್ತು: ಮಾಲೀಕರ ಬಳಿ ವಾಸ್ತವವಾಗಿ ಇರುವುದು ಒಂದೇ ವಾಹನ, ಅದಕ್ಕೆ ಪದೇ ಪದೇ ಬಣ್ಣ ಬದಲಾಯಿಸಲಾಗಿದೆ, ಒಂದು ಸಲವೂ ಆರ್.ಸಿ. ಪುಸ್ತಕದಲ್ಲಿ ನಮೂದಿಸಿಲ್ಲ. “ಪ್ರತಿ ಬಣ್ಣಕ್ಕೂ ಬೇರೆ ಬೇರೆ ಫೀಸು ಕಟ್ಟಬೇಕಾಗುತ್ತದೆ” ಎಂದರು. ಕಟ್ಟುತ್ತಿದ್ದೇನೆ ಮಾವ, ತಿಂಗಳು ತಿಂಗಳೂ ಯೂರೋದಲ್ಲೇ ಕಟ್ಟುತ್ತಿದ್ದೇನೆ ಎಂದು ಹೇಳಬೇಕೆಂದಿದ್ದೆ. ಆದರೆ ನನ್ನ ಹೆಂಡತಿ ಆಗಲೇ ಬೆಲೆ ಎಷ್ಟೆಂದು ಕೇಳಲು ಬಾಯಿ ತೆರೆದಿದ್ದಳು.