ಮೊಣಕಾಲಿನ ‘ಗ್ರೀಸ್’ ಮತ್ತು ಬೆಂಡೆಕಾಯಿ ನೀರು

ರಾತ್ರಿಯಿಡೀ ನೆನೆಸಿದ ಬೆಂಡೆಕಾಯಿಯ ಲೋಳೆನೀರನ್ನು ಕುಡಿದರೆ ಮಂಡಿಯಲ್ಲಿ ಒಣಗಿದ ‘ಗ್ರೀಸ್’ ಮತ್ತೆ ತುಂಬಿಕೊಳ್ಳುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದು ಸರಿಯಲ್ಲ. ಬೆಂಡೆಯ ಲೋಳೆ ಒಂದು ಬಗೆಯ ನಾರು. ಅದು ಹೊಟ್ಟೆಯಿಂದ ನೇರವಾಗಿ ಕೀಲಿಗೆ ಹೋಗಿ ಸೇರುವುದಿಲ್ಲ. ಜನ ‘ಗ್ರೀಸ್’ ಎನ್ನುವ ಕೀಲಿನ ದ್ರವವನ್ನು ಕೀಲಿನ ಒಳಪೊರೆಯೇ ತಯಾರಿಸುತ್ತದೆ. ಆರೋಗ್ಯವಂತ ಮಂಡಿಯಲ್ಲೂ ಅದು ಒಂದು ಟೀ ಚಮಚದಷ್ಟಿರುವುದಿಲ್ಲ, ಮಂಡಿ ಸವೆತ ಇರುವವರಲ್ಲಿ ಎಷ್ಟೋ ಸಲ ಅದೇ ಹೆಚ್ಚಾಗಿ ಊತ ಕಾಣಿಸಿಕೊಳ್ಳುತ್ತದೆ. ನಿಜಕ್ಕೂ ಸವೆಯುವುದು ಮೂಳೆಗಳ ತುದಿಯನ್ನು ಹೊದಿಸಿರುವ ಮೃದ್ವಸ್ಥಿ. ಅದರಲ್ಲಿ ರಕ್ತನಾಳಗಳಿಲ್ಲದ ಕಾರಣ ಒಮ್ಮೆ ಹಾಳಾದರೆ ಸುಲಭವಾಗಿ ಮತ್ತೆ ಬೆಳೆಯುವುದಿಲ್ಲ.

2019ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 36.5 ಕೋಟಿ ಜನರಿಗೆ ಮಂಡಿ ಸವೆತವಿತ್ತು. ವಯಸ್ಸು, ಅಧಿಕ ತೂಕ, ಹಳೆಯ ಪೆಟ್ಟು, ವರ್ಷಗಟ್ಟಲೆ ಮಂಡಿಯೂರಿ ಅಥವಾ ಭಾರ ಹೊತ್ತು ಮಾಡುವ ಕೆಲಸ, ಇವು ಅಪಾಯವನ್ನು ಹೆಚ್ಚಿಸುತ್ತವೆ. ಹೆಂಗಸರಲ್ಲಿ ಇದು ಹೆಚ್ಚು.

ಇಂಥ ಸಂದೇಶ ಕಳಿಸುವವರ ಕಾಳಜಿಯಲ್ಲಿ ಕೊರತೆಯಿಲ್ಲ. ಗೊಜ್ಜಿಗೂ ಹುಳಿಗೂ ಬೆಂಡೆ ಒಳ್ಳೆಯದೇ. ಆದರೆ ಎಷ್ಟು ರೋಗಿಗಳ ಮೇಲೆ, ಎಷ್ಟು ತಿಂಗಳು ಪರೀಕ್ಷಿಸಲಾಯಿತು ಎಂಬುದು ಸಂದೇಶದಲ್ಲಿದೆಯೇ ಎಂದು ನೋಡಿ. ಅದೇ ನೀರು ಸಕ್ಕರೆ ಕಾಯಿಲೆಯನ್ನೂ ಬಿಪಿಯನ್ನೂ ವಾಸಿಮಾಡುತ್ತದೆ ಎಂದಿದ್ದರೆ ಅನುಮಾನಿಸಿ, ಮುಂದಿನ ಸಲ ವೈದ್ಯರ ಬಳಿ ಹೋದಾಗ ಆ ಸಂದೇಶವನ್ನೇ ತೆರೆದು ತೋರಿಸಿ ಕೇಳಿ.