ಸದ್ದು ಇಲ್ಲ ಅಂತ ನನ್ನ ಬಾಯಲ್ಲೇ ಹೇಳಿಸಿದರು

ಮೂರನೇ ಸಲ. ಮೂರನೇ ಸಲವೂ ಕಂಪ್ಯೂಟರಿನ ಎಸ್‌ಎಂಪಿಎಸ್ಸನ್ನು, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಆ ಡಬ್ಬಿಯನ್ನು, ಅದೇ ಬಟ್ಟೆ ಚೀಲದಲ್ಲಿ ಹಾಕಿಕೊಂಡು ಸರ್ವಿಸ್ ಸೆಂಟರ್‌ನಿಂದ ಮನೆಗೆ ವಾಪಸ್ ಬಂದಿದ್ದೇನೆ. ಜಾಬ್ ಶೀಟಿನಲ್ಲಿ ‘ನೋ ಫಾಲ್ಟ್ ಫೌಂಡ್’ ಅಂತ ಬರೆದಿದೆ. ಅದರ ಕೆಳಗೆ ನನ್ನ ಸಹಿ. ಯಾರೂ ಕೈ ಹಿಡಿದು ಹಾಕಿಸಲಿಲ್ಲ, ನಾನೇ ಹಾಕಿದೆ. ಹೊಟ್ಟೆ ಉರಿಯುತ್ತಿರುವುದು ಅದಕ್ಕೇ.

ಈಗ ರಾತ್ರಿ 11 ಗಂಟೆ. ಎಸ್‌ಎಂಪಿಎಸ್ಸನ್ನು ಮತ್ತೆ ಕ್ಯಾಬಿನೆಟ್ಟಿಗೆ ಕೂರಿಸಿ, ನಾಲ್ಕು ಸ್ಕ್ರೂ ಬಿಗಿದು, ಕೇಬಲ್‌ಗಳನ್ನು ಚುಚ್ಚಿ, ಆನ್ ಮಾಡಿ ಮುಕ್ಕಾಲು ಗಂಟೆ ಆಯಿತು. ಅದರ ಫ್ಯಾನಿನ ಸದ್ದು ಶುರುವಾಗಿದೆ. ಟಿಕ್. ಟಿಕ್ ಟಿಕ್. ಸ್ವಲ್ಪ ಹೊತ್ತು ಗುಂಯ್ ಅನ್ನುತ್ತದೆ, ಆಮೇಲೆ ಮತ್ತೆ ಟಿಕ್. ಅನ್ನ ತಿನ್ನುವಾಗ ಕಲ್ಲು ಸಿಕ್ಕರೆ ಹಲ್ಲಿನೊಳಗೆ ಒಂದು ಸದ್ದು ಆಗುತ್ತದಲ್ಲ, ಹಾಗೆ. ಎರಡು ನಿಮಿಷ ತಿರುಗಿ ನಿಲ್ಲುತ್ತದೆ. ನಾಲ್ಕೈದು ನಿಮಿಷ ಬಿಟ್ಟು ಮತ್ತೆ ಬರುತ್ತದೆ.

ಅಲ್ಲಿ ಬರಲಿಲ್ಲ. ಅಲ್ಲಿ ಹೇಗೆ ಬರುತ್ತದೆ ಹೇಳಿ?

ಕೌಂಟರಿನಲ್ಲಿದ್ದ ಹುಡುಗ ಏನು ಮಾಡಿದ ಅಂತ ಹೇಳುತ್ತೇನೆ. ಡಬ್ಬಿಯನ್ನು ಟೇಬಲ್ ಮೇಲೆ ಫ್ಯಾನ್ ಮೇಲ್ಮುಖ ಮಾಡಿ ಇಟ್ಟ. 24 ಪಿನ್ನಿನ ಕನೆಕ್ಟರ್‌ಗೆ ಒಂದು ವೈರ್ ತುಂಡು ಬಗ್ಗಿಸಿ ಚುಚ್ಚಿದ. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ಹಸಿರು ವೈರನ್ನೂ ಕಪ್ಪು ವೈರನ್ನೂ ಸೇರಿಸಿ ಆನ್ ಮಾಡುತ್ತಿದ್ದರಲ್ಲ, ಅದೇ. ಈಗಿನ ಹಲವದರಲ್ಲಿ ಎಲ್ಲ ವೈರೂ ಕಪ್ಪೇ ಬರುತ್ತವೆ, 16ನೇ ಪಿನ್ ಯಾವುದು ಅಂತ ಎಣಿಸಬೇಕು. ಅವನು ಎಣಿಸದೆಯೇ ಸರಿಯಾಗಿ ಚುಚ್ಚಿದ, ಅಷ್ಟು ಅಭ್ಯಾಸ. ಆಮೇಲೆ ಅಂಗೈಯಗಲದ ಒಂದು ಟೆಸ್ಟರ್ ಸಿಕ್ಕಿಸಿದ. ಪರದೆಯ ಮೇಲೆ 12.1, 5.0, 3.3 ಅಂತ ಬಂತು. “ಪಕ್ಕಾ ಇದೆ ಸರ್” ಅಂದ.

ವೋಲ್ಟೇಜ್ ಸರಿ ಇಲ್ಲ ಅಂತ ನಾನು ಯಾವತ್ತು ಹೇಳಿದೆ? ಮೂರು ಸಲವೂ ದೂರಿನ ಜಾಗದಲ್ಲಿ ಬರೆಸಿದ್ದು ಒಂದೇ ಮಾತು: ಬಿಸಿಯಾದ ಮೇಲೆ ಫ್ಯಾನ್ ಸದ್ದು.

“ಸೌಂಡ್ ನೋಡಪ್ಪ, ಸೌಂಡ್” ಅಂದೆ.

ಅವನು ಬಗ್ಗಿ ಕಿವಿ ಇಟ್ಟ. ಪಕ್ಕದ ಕೌಂಟರಿನವನನ್ನು ಕರೆದ, ಅವನೂ ಕಿವಿ ಇಟ್ಟ. ಬಾಗಿಲು ತೆರೆದೇ ಇತ್ತು. ಹೊರಗೆ ಗೂಡ್ಸ್ ಆಟೋದವನು ರಿವರ್ಸ್ ತೆಗೆದುಕೊಳ್ಳುತ್ತಿದ್ದ, ಹಿಂದಿನವನು ಹಾರ್ನ್ ಹೊಡೆಯುತ್ತಿದ್ದ, ಒಳಗೆ ಗೋಡೆ ಫ್ಯಾನ್ ಎರಡು ತಿರುಗುತ್ತಿದ್ದವು. ಆ ಗಲಾಟೆಯೊಳಗೆ ಇಬ್ಬರೂ ಕಿವಿ ಇಟ್ಟು ತಲೆ ಆಡಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಲ್ಯಾಪ್‌ಟಾಪ್ ಹಿಡಿದುಕೊಂಡು ಸರದಿಯಲ್ಲಿ ನಿಂತಿದ್ದವರ ಕಡೆ ತಿರುಗಿ, “ಸರ್, ನೀವೊಂದ್ಸಲ ಕೇಳಿ, ಏನಾದ್ರೂ ಬರ್ತಿದ್ಯಾ?” ಅಂದ. ಅವರು ಬಂದು ಬಗ್ಗಿದರು. ಇಲ್ಲ ಅಂದರು. ಅವರ ಹಿಂದೆ ಒಬ್ಬ ಕಾಲೇಜು ಹುಡುಗಿ. ಅವಳೂ ಇಲ್ಲ ಅಂದಳು. ಯಾರೋ ಹಿಂದಿನಿಂದ ನಕ್ಕರು. ಕೊನೆಗೆ ನನ್ನ ಕಡೆ ತಿರುಗಿ, “ಅಂಕಲ್, ನೀವೇ ಕೇಳಿ. ಬರ್ತಿದ್ಯಾ ಹೇಳಿ” ಅಂದ.

ಅಲ್ಲಿವರೆಗೂ ಸರ್ ಆಗಿದ್ದವನು ಅಷ್ಟರಲ್ಲಿ ಅಂಕಲ್ ಆಗಿಬಿಟ್ಟಿದ್ದೆ.

ನಾನು ಬಗ್ಗಿದೆ. ನಡ ಹಿಡಿದುಕೊಂಡಿತ್ತು, ಕೌಂಟರ್ ಅಂಚು ಹಿಡಿದು ಬಗ್ಗಿದೆ. ಎಲ್ಲರೂ ನೋಡುತ್ತಿದ್ದರು. ಕಿವಿ ಇಟ್ಟೆ. ಏನೂ ಇಲ್ಲ. ಕಣ್ಣು ತೆರೆದು ನೋಡಿದರೆ ಜಾಲರಿಯ ಹಿಂದೆ ಫ್ಯಾನಿನ ಏಳೂ ರೆಕ್ಕೆ ಕಾಣುತ್ತಿವೆ. ಒಂದೊಂದೂ ಸ್ಪಷ್ಟವಾಗಿ ಕಾಣುತ್ತಿದೆ. ಅಂದರೆ ಫ್ಯಾನ್ ತಿರುಗುತ್ತಲೇ ಇಲ್ಲ!

ಆ ಮಾಡೆಲ್ ಇರುವುದೇ ಹಾಗೆ. ಲೋಡ್, ಅಂದರೆ ಕಂಪ್ಯೂಟರ್ ಎಳೆಯುವ ಕರೆಂಟ್, ಕಡಿಮೆ ಇದ್ದಾಗ, ತಂಪಾಗಿದ್ದಾಗ ಫ್ಯಾನ್ ತಿರುಗುವುದೇ ಇಲ್ಲ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿದ್ದಾರೆ, ಅದಕ್ಕೇ ಜಾಸ್ತಿ ದುಡ್ಡು ತೆಗೆದುಕೊಂಡಿದ್ದಾರೆ. ಲೋಡೇ ಇಲ್ಲದೆ ವೈರ್ ತುಂಡು ಚುಚ್ಚಿ ಆನ್ ಮಾಡಿದರೆ ಅದು ಬೆಳಗಿನವರೆಗೂ ತಿರುಗುವುದಿಲ್ಲ. ನಿಂತಿರುವ ಫ್ಯಾನಿನ ಸದ್ದನ್ನು ಐದು ಜನ ಸರದಿಯಲ್ಲಿ ಕೇಳಿದೆವು. ಅವರಲ್ಲಿ ನಾನೂ ಒಬ್ಬ.

ಇದನ್ನೆಲ್ಲ ಅಲ್ಲೇ ಹೇಳಬೇಕಿತ್ತು. ಗೊತ್ತಿತ್ತು ನನಗೆ. ನಾಲಿಗೆ ತುದಿಯಲ್ಲೇ ಇತ್ತು. ಆದರೆ ಅವನು ಕೇಳಿದ್ದು “ಬರ್ತಿದ್ಯಾ ಇಲ್ವಾ?” ಅಂತ. ನಾನು “ಇಲ್ಲ” ಅಂದೆ. ಅಷ್ಟೇ. ಪೆನ್ನು ಕೈಗೆ ಕೊಟ್ಟ, ಸಹಿ ಹಾಕಿದೆ. ಹೊರಡುವಾಗ, “ಅದು ಗೋಲ್ಡ್ ಅಂಕಲ್, ಗೋಲ್ಡ್‌ನಲ್ಲಿ ಸೌಂಡ್ ಬರಲ್ಲ” ಅಂದ.

ಮನೆಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವನಿಗೆ ಉತ್ತರ ಕೊಡುತ್ತಲೇ ಇದ್ದೆ. ಈಗಲೂ ಕೊಡುತ್ತಿದ್ದೇನೆ.

ಗೋಲ್ಡ್ ಅಂದರೆ ಏನು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲವಾ? 80 ಪ್ಲಸ್ ಅಂತ 2004ರಲ್ಲಿ ಶುರುವಾದ ಲೆಕ್ಕ ಅದು. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಅಂತ ನೋಡುತ್ತಾರೆ. 20, 50, 100 ಶೇಕಡಾ ಲೋಡ್ ಹಾಕಿ ಅಳೆಯುತ್ತಾರೆ. 115 ವೋಲ್ಟಿನ ಪರೀಕ್ಷೆಯಲ್ಲಿ ಕ್ರಮವಾಗಿ ಶೇಕಡಾ 87, 90, 87 ಪಾಲು ತಲುಪಿದರೆ ಗೋಲ್ಡ್. ಅದರಲ್ಲಿ ಸದ್ದಿನ ಮಾತು ಎಲ್ಲಿದೆ? ಅಷ್ಟೇ ಅಲ್ಲ, ಆ ಅಳತೆ ಮಾಡುವುದು 23 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ. ನನ್ನ ಕೋಣೆ ಮೊದಲನೇ ಮಹಡಿ, ಮೇಲೆ ಶೀಟು. ಏಪ್ರಿಲ್‌ನಲ್ಲಿ ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಬಿಸಿ.

ಸದ್ದನ್ನು ಅಳೆಯುವವರು ಬೇರೆ ಇದ್ದಾರೆ. ಸೈಪ್ರಸ್‌ನ ಸೈಬೆನೆಟಿಕ್ಸ್‌ನವರು ಸದ್ದು ಹೀರುವ ಕೋಣೆ ಕಟ್ಟಿಕೊಂಡು, ಲೋಡ್ ಏರಿಸುತ್ತಾ ಹೋಗಿ, ಸರಾಸರಿ ತೆಗೆದು ಲ್ಯಾಂಬ್ಡಾ ಅಂತ ಬೇರೆಯದೇ ದರ್ಜೆ ಕೊಡುತ್ತಾರೆ. ಸರಾಸರಿ 15 ಡೆಸಿಬೆಲ್‌ಗಿಂತ ಕಡಿಮೆ ಇದ್ದರೆ ಮಾತ್ರ ಎ ಪ್ಲಸ್ ಪ್ಲಸ್. ಸದ್ದು ಅನ್ನುವುದು ಅಳೆಯಲು ಬರುವ ವಸ್ತು. ಭ್ರಮೆ ಅಲ್ಲ, ವಯಸ್ಸಾದವರ ಕಿರಿಕಿರಿಯೂ ಅಲ್ಲ.

ನನ್ನ ಪೆಟ್ಟಿಗೆಯ ಮೇಲೂ ಒಂದು ಡೆಸಿಬೆಲ್ ಅಂಕಿ ಇದೆ. ಎಷ್ಟು ದೂರದಿಂದ ಅಳೆದಿದ್ದು? ಎಷ್ಟು ಲೋಡಿನಲ್ಲಿ? ಬರೆದಿಲ್ಲ. ಬಯಲಿನಲ್ಲಿ ದೂರ ಅರ್ಧ ಆದರೆ 6 ಡೆಸಿಬೆಲ್ ಜಾಸ್ತಿ ಆಗುತ್ತದೆ. ಒಂದು ಮೀಟರ್ ದೂರದಲ್ಲಿ 20 ಇದ್ದದ್ದು ಅರ್ಧ ಮೀಟರಿಗೆ 26. ನಾನು ಪಾಠ ಓದಿ ರೆಕಾರ್ಡ್ ಮಾಡುವ ಮೈಕಿಗೂ ಆ ಡಬ್ಬಿಗೂ ಮಧ್ಯೆ ಇರುವುದು ಒಂದೂವರೆ ಅಡಿ. ದೂರ ಹೇಳದೆ ಡೆಸಿಬೆಲ್ ಹೇಳುವುದು, ತೂಕ ಹೇಳದೆ ತರಕಾರಿಗೆ ಬೆಲೆ ಹೇಳಿದ ಹಾಗೆ.

ದೊಡ್ಡ ಕ್ಯಾಬಿನೆಟ್ ತಗೊಳ್ಳಿ ಅಂತ ದಯವಿಟ್ಟು ಯಾರೂ ಹೇಳಬೇಡಿ. ನೂರು ಜನ ಹೇಳಿ ಆಗಿದೆ. ಎರಡು ತಿಂಗಳಿಗೊಮ್ಮೆ ಈ ಕಂಪ್ಯೂಟರನ್ನು ಬ್ಯಾಗಿಗೆ ಹಾಕಿಕೊಂಡು ಊರಿನ ಬಸ್ ಹತ್ತುವವನು ನಾನು. ಅದಕ್ಕೇ ಎಸ್‌ಎಫ್‌ಎಕ್ಸ್ ಅನ್ನುವ ಚಿಕ್ಕ ಅಳತೆಯ ಎಸ್‌ಎಂಪಿಎಸ್ ತಗೊಂಡಿದ್ದು. 125 ಮಿಲಿಮೀಟರ್ ಅಗಲ, 100 ಉದ್ದ, 63.5 ಎತ್ತರ. ಅಂಗೈ ಮೇಲೆ ಕೂರುತ್ತದೆ. ಅದು ಪೂರ್ತಿ ದುಡಿದು ಕಂಪ್ಯೂಟರಿಗೆ 300 ವಾಟ್ ಕೊಡಬೇಕು ಅಂದರೆ, ಶೇಕಡಾ 90ರ ಲೆಕ್ಕದಲ್ಲೂ ಗೋಡೆಯಿಂದ 333 ವಾಟ್ ಎಳೆಯುತ್ತದೆ. ಉಳಿದ 33 ವಾಟ್ ಆ ಪುಟ್ಟ ಡಬ್ಬಿಯೊಳಗೇ ಬಿಸಿ. ಅದನ್ನು ಹೊರಗೆ ತಳ್ಳುವುದಕ್ಕೆ 92 ಮಿಲಿಮೀಟರಿನ ತೆಳ್ಳನೆಯ ಫ್ಯಾನ್. ದೊಡ್ಡ ಎಸ್‌ಎಂಪಿಎಸ್‌ನಲ್ಲಿ 120, 140ರ ಫ್ಯಾನ್ ನಿಧಾನಕ್ಕೆ ತಿರುಗಿ ಮಾಡುವ ಕೆಲಸವನ್ನು ಇದು ಓಡಿ ಓಡಿ ಮಾಡಬೇಕು. ಫ್ಯಾನಿನ ವೇಗ ಎರಡು ಪಟ್ಟಾದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೇ ತಗೊಂಡೆ. ಗುಂಯ್ ಅನ್ನುವ ಗಾಳಿ ಸದ್ದಿನ ಬಗ್ಗೆ ನಾನು ಒಂದು ದಿನವೂ ದೂರು ಹೇಳಿಲ್ಲ.

ದೂರು ಇರುವುದು ಆ ಟಿಕ್ ಬಗ್ಗೆ. ಬೇರಿಂಗ್ ಸರಿ ಇಲ್ಲ ಅಂತ ನನ್ನ ಅನುಮಾನ. ನನ್ನ ಕ್ಯಾಬಿನೆಟ್ಟಿನಲ್ಲಿ ಫ್ಯಾನ್ ಪಕ್ಕಕ್ಕೆ ಮುಖ ಮಾಡಿ ನಿಂತಿರುತ್ತದೆ, ಅಲ್ಲಿ ಟೇಬಲ್ ಮೇಲೆ ಅಂಗಾತ ಮಲಗಿಸಿದ್ದರು. ಬೇರಿಂಗ್ ಸವೆದಿದ್ದರೆ ಭಂಗಿ ಬದಲಾದ ಕೂಡಲೇ ಸದ್ದೂ ಬದಲಾಗಬಹುದು. ಬಿಸಿ ಮಾಡದೆ, ಲೋಡ್ ಹಾಕದೆ, ನಿಲ್ಲಿಸಬೇಕಾದ ಹಾಗೆ ನಿಲ್ಲಿಸದೆ ಎರಡು ನಿಮಿಷದಲ್ಲಿ ಮುಗಿಸಿಬಿಟ್ಟರೆ ಅದನ್ನು ಟೆಸ್ಟ್ ಅಂತಾರಾ?

ಇರಲಿ. ಆ ಹುಡುಗನ ತಪ್ಪೇನಿದೆ? ಅವನ ಹಿಂದೆ ರಾಶಿ ಬಿದ್ದಿದ್ದವು ಪೆಟ್ಟಿಗೆಗಳು. ಮಧ್ಯಾಹ್ನ ಎರಡೂವರೆ ಆಗಿತ್ತು, ಅವನ ಊಟದ ಡಬ್ಬಿ ಪಕ್ಕದಲ್ಲೇ ಮುಚ್ಚಿದ ಹಾಗೇ ಇತ್ತು. ಅವನಿಗೆ ಕೊಟ್ಟಿರುವುದೇ ಆ ವೈರ್ ತುಂಡು, ಆ ಟೆಸ್ಟರ್. ಲೋಡ್ ಹಾಕುವ ಯಂತ್ರ ಕೊಟ್ಟಿಲ್ಲ, ಬಾಗಿಲು ಮುಚ್ಚುವ ಕೋಣೆ ಕೊಟ್ಟಿಲ್ಲ. ಜಾಬ್ ಶೀಟಿನಲ್ಲಿ ಸದ್ದು ಅನ್ನುವ ಕಾಲಮ್ಮೇ ಇಲ್ಲ. ಅವನೇನು ಮಾಡುತ್ತಾನೆ ಪಾಪ.

ಆದರೆ ಪಾಪ ಅಂತ ನಾನು ಯಾಕೆ ಅನ್ನಬೇಕು? ನಾಲ್ಕು ಜನರನ್ನು ಕರೆದು ಕಿವಿ ಇಡಿಸುವಷ್ಟು ಪುರುಸೊತ್ತು ಇತ್ತಲ್ಲ ಅವನಿಗೆ! ಅದೇ ಪುರುಸೊತ್ತಿನಲ್ಲಿ ಅಲ್ಲೇ ಇದ್ದ ಒಂದು ಕಂಪ್ಯೂಟರಿಗೆ ಸಿಕ್ಕಿಸಿ ಅರ್ಧ ಗಂಟೆ ಓಡಿಸಬಹುದಿತ್ತು. ಮೊದಲ ಸಲ ಹೋದಾಗ ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ತೋರಿಸಿದ್ದೆ. “ಅದು ಫೋನ್ ಮೈಕ್‌ದು” ಅಂದಿದ್ದರು. ಎರಡನೇ ಸಲ ನನ್ನ ಒಳ್ಳೆ ಮೈಕಿನ ರೆಕಾರ್ಡಿಂಗ್ ತಗೊಂಡು ಹೋದೆ. “ಅದು ಕ್ಯಾಬಿನೆಟ್ ಫ್ಯಾನ್‌ದು” ಅಂದರು. ಮನೆಗೆ ಬಂದು ಕ್ಯಾಬಿನೆಟ್ ಫ್ಯಾನ್ ಎರಡನ್ನೂ ಕಿತ್ತಿಟ್ಟು ಇನ್ನೊಂದು ರೆಕಾರ್ಡಿಂಗ್ ಮಾಡಿಕೊಂಡೇ ಇವತ್ತು ಹೋಗಿದ್ದು. ಅದನ್ನು ಕೇಳಲೇ ಇಲ್ಲ.

ಫ್ಯಾನನ್ನು ನಾನೇ ಬದಲಾಯಿಸಿಕೊಳ್ಳೋಣ ಅಂದರೆ ಸ್ಕ್ರೂ ಮೇಲೆ ಸ್ಟಿಕ್ಕರ್. ಹರಿದರೆ ವಾರಂಟಿ ಹೋಯಿತು. ಅದೂ ಅಲ್ಲದೆ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 400 ವೋಲ್ಟ್ ಹತ್ತಿರ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಅದಕ್ಕೆ ಕೈ ಹಾಕುವ ಧೈರ್ಯ ನನಗಿಲ್ಲ. ಕಂಬಳಿ ಸುತ್ತಿ ನೋಡಿದೆ. ಒಳಗೆ ಇನ್ನೂ ಬಿಸಿಯಾಗಿ ಫ್ಯಾನ್ ನಿಲ್ಲುವುದನ್ನೇ ಬಿಟ್ಟಿತು.

ಒಂದು ಫ್ಯಾನಿಗೆ ಇಷ್ಟೊಂದು ಯಾಕೆ ಅಂತ ಹೆಂಡತಿ ಕೇಳಿದಳು. ನಾನು ಓದುವುದು ಕಣ್ಣು ಕಾಣದ ಮಕ್ಕಳಿಗೆ. ಅವರ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ರಸ್ತೆ ಸದ್ದು ಅಡಗಿದ ಮೇಲೆ, ರಾತ್ರಿ 11ರಿಂದ 1ರವರೆಗೆ. ಒಂದೇ ಸಮ ಬರುವ ಗುಂಯ್ ಅನ್ನು ಸಾಫ್ಟ್‌ವೇರ್ ತೆಗೆದುಹಾಕುತ್ತದೆ. ಟಿಕ್ ಹಾಗಲ್ಲ. ಅದು ‘ಟ’ ಅಕ್ಷರದ ಹಾಗೆ ಇರುತ್ತದೆ, ‘ಕ’ದ ಹಾಗೆ ಇರುತ್ತದೆ. ಅದನ್ನು ತೆಗೆಯಲು ಹೋದರೆ ನನ್ನ ‘ಟ’, ‘ಕ’ಗಳ ಮೊನೆಯೂ ಹೋಗುತ್ತದೆ. ‘ಕಾಲು’ ಅಂದದ್ದು ‘ಆಲು’ ಅಂತ ಕೇಳುತ್ತದೆ. ಗಣಿತದ ಪಾಠದಲ್ಲಿ ಕಾಲು ಭಾಗ ಅನ್ನುವುದು ಆಲು ಭಾಗ ಆದರೆ, ಪುಸ್ತಕ ತೆರೆದು ನೋಡಲಾಗದ ಮಗು ಏನು ಮಾಡಬೇಕು?

ಹೋದ ತಿಂಗಳು ಒಬ್ಬ ಹುಡುಗಿ ವಾಯ್ಸ್ ಮೆಸೇಜ್ ಕಳಿಸಿದ್ದಳು. ತುಂಬಾ ಸಂಕೋಚದಿಂದ ಕೇಳಿದ್ದಳು. “ಸರ್, ನೀವು ಓದುವಾಗ ನಿಮ್ಮ ಹಿಂದೆ ಗಡಿಯಾರ ಇರುತ್ತಾ? ಆರನೇ ಪಾಠದಲ್ಲಿ ಜಾಸ್ತಿ ಕೇಳಿಸ್ತು. ಸುಮ್ನೆ ಕೇಳಿದೆ ಸರ್, ಬೇಜಾರಾಗ್ಬೇಡಿ.”

ನನ್ನ ಮನೆಯಲ್ಲಿ ಟಿಕ್ ಅನ್ನುವ ಗಡಿಯಾರವೇ ಇಲ್ಲ. ಅವಳಿಗೆ ಕೇಳಿಸಿತು. ಎಲ್ಲೋ ಹಾಸ್ಟೆಲ್ಲಿನಲ್ಲಿ ಕೂತು, ಅಗ್ಗದ ಇಯರ್‌ಫೋನಿನಲ್ಲಿ ಕೇಳಿಸಿತು. ಯಾವ ಪಾಠ ಅಂತಲೂ ಹೇಳಿದಳು. ಆ ಕೌಂಟರಿನಲ್ಲಿ ನಿಂತು ಬಗ್ಗಿದಾಗ ಅವಳ ಮಾತು ನೆನಪಿತ್ತು. ಆದರೂ “ಇಲ್ಲ” ಅಂದುಬಿಟ್ಟೆ.

ಯಾರಾದರೂ ಹೇಳಿ. ಎಸ್‌ಎಂಪಿಎಸ್ ರಿಪೇರಿ ಮಾಡುವವರು ಇದ್ದರೆ ಹೇಳಿ, ಸರ್ವಿಸ್ ಸೆಂಟರ್‌ನಲ್ಲಿ ಕೆಲಸ ಮಾಡಿದವರು ಇದ್ದರೆ ಹೇಳಿ. ಫ್ಯಾನ್ ಸದ್ದಿನ ದೂರು ಬಂದರೆ ಫ್ಯಾನ್ ತಿರುಗಿಸಿ ನೋಡಬೇಕು ಅನ್ನುವ ನಿಯಮ ಎಲ್ಲೂ ಇಲ್ಲವಾ? ಸಹಿ ಹಾಕಿದ ಮೇಲೆ ನಾಲ್ಕನೇ ಸಲ ದೂರು ಕೊಡಲು ಬರುತ್ತದಾ? ನನ್ನ ಕ್ಯಾಬಿನೆಟ್ಟನ್ನೇ ಪೂರ್ತಿ ಹೊತ್ತುಕೊಂಡು ಹೋಗಿ, ಅಲ್ಲೇ ಪ್ಲಗ್ ಹಾಕಿ, ಮುಕ್ಕಾಲು ಗಂಟೆ ಅವರ ಮುಂದೆ ಕೂರುತ್ತೇನೆ ಅಂದರೆ ಕೂರಲು ಬಿಡುತ್ತಾರಾ? ಕೂರಬೇಕು ಅಂತಿದ್ದೇನೆ. ಇಲ್ಲ, ಬೇಡ, ಮತ್ತೆ ಯಾರು ಹೋಗುತ್ತಾರೆ ಆ ಜಾಗಕ್ಕೆ. ಗೊತ್ತಿಲ್ಲ. ಸೋಮವಾರ ಹೇಗೂ ರಜೆ ಇದೆ.

ಈಗ ಫ್ಯಾನ್ ನಿಂತಿತು. ನಾಲ್ಕು ನಿಮಿಷ ಸಿಗುತ್ತದೆ. ಏಳನೇ ಪಾಠದ ಕೊನೆಯ ಎರಡು ಪುಟ ಇದೆ, ಓದಿಕೊಂಡು ಬರುತ್ತೇನೆ.